ಜಾನ್ ವಾನ್ ನ್ಯೂಮನ್: ಗಣಕಯಂತ್ರವೂ ಹಿತ್ತಿಲ ಬಾಗಿಲೂ

ವಿಜ್ಞಾನಿಗಳಲ್ಲಿ ಕೆಲವರ ಹೆಸರು ಲೋಕಕ್ಕೆಲ್ಲ ಗೊತ್ತು. ಅವರು ಮಾಡಿದ ಕೆಲಸವೇನೆಂದು ಹೇಳಬಲ್ಲವರು ಮಾತ್ರ ವಿರಳ. ಮತ್ತೆ ಕೆಲವರ ಕೆಲಸ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಅವರ ಹೆಸರನ್ನು ಕೇಳಿದವರು ಕಡಮೆ. ಜಾನ್ ವಾನ್ ನ್ಯೂಮನ್ ಈ ಎರಡನೆಯ ಪಂಗಡಕ್ಕೆ ಸೇರಿದವನು. ಗಣಿತಜ್ಞರ ನಡುವೆ ಅವನ ಕೀರ್ತಿ ದೊಡ್ಡದು. ಆದರೆ ಗಣಕಯಂತ್ರದ ಮುಂದೆ ಕುಳಿತು ಪಾಠ ಕಲಿಯುವ, ಜೇಬಿನಲ್ಲಿ ಮೊಬೈಲ್ ಫೋನನ್ನು ಇಟ್ಟುಕೊಂಡು ತಿರುಗುವ ನಮ್ಮಲ್ಲಿ ಎಷ್ಟು ಮಂದಿ, ಆ ಯಂತ್ರಗಳ ಒಳಗಿನ ವ್ಯವಸ್ಥೆಯನ್ನು 1945ರಲ್ಲಿಯೇ ಬರೆದಿಟ್ಟವನು ಯಾರೆಂಬುದನ್ನು ಬಲ್ಲೆವು?

ಈ ಮಹನೀಯನ ಜೀವನವನ್ನು ತಿಳಿಯಲು ಇನ್ನೊಂದು ಕಾರಣವೂ ಉಂಟು. ಯಾರೋ ದುಷ್ಟರು ಸಾವಿರಾರು ಜನರ ಗಣಕಯಂತ್ರಗಳನ್ನು ಗುಟ್ಟಾಗಿ ವಶಪಡಿಸಿಕೊಂಡು, ಅವೆಲ್ಲವನ್ನೂ ಒಟ್ಟಿಗೆ ಒಂದು ಬ್ಯಾಂಕಿನ ಮೇಲೋ ಒಂದು ವಿಶ್ವವಿದ್ಯಾನಿಲಯದ ಮೇಲೋ ಛೂಬಿಟ್ಟು, ಅದರ ಕೆಲಸವನ್ನೇ ನಿಲ್ಲಿಸಿಬಿಟ್ಟರೆಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಯಂತ್ರದ ಒಡೆಯನಿಗೆ ತನ್ನ ಯಂತ್ರ ಕಳ್ಳನ ಊಳಿಗ ಮಾಡುತ್ತಿದೆಯೆಂಬುದೇ ತಿಳಿಯದು. ಇದು ಹೇಗೆ ಸಾಧ್ಯ? ಈ ಪ್ರಶ್ನೆಯ ಬೇರನ್ನು ಹುಡುಕುತ್ತ ಹೋದರೆ ನ್ಯೂಮನ್ನನ ಬಳಿಗೇ ಬರಬೇಕಾಗುತ್ತದೆ.

ನ್ಯೂಮನ್ನನು 1903ನೆಯ ಇಸವಿ ಡಿಸೆಂಬರ್ 28ರಂದು ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಒಂದು ಅನುಕೂಲಸ್ಥ ಯೆಹೂದಿ ಕುಟುಂಬದಲ್ಲಿ ಜನಿಸಿದನು. ಹುಟ್ಟುಹೆಸರು ಯಾನೋಶ್. ತಂದೆ ಬ್ಯಾಂಕಿನ ವ್ಯವಹಾರದಲ್ಲಿ ಹೆಸರು ಗಳಿಸಿದವನು. 1913ರಲ್ಲಿ ಚಕ್ರವರ್ತಿಯಿಂದ ಕುಲೀನ ಪದವಿಯನ್ನು ಪಡೆದನು. ಮಗನ ಹೆಸರಿನ ಹಿಂದಿರುವ ‘ವಾನ್’ ಎಂಬುದು ಆ ಪದವಿಯ ಗುರುತು. ಮೂವರು ಗಂಡುಮಕ್ಕಳಲ್ಲಿ ಯಾನೋಶನೇ ಹಿರಿಯನು. ಆರು ವರ್ಷದ ಹುಡುಗನಾಗಿದ್ದಾಗಲೇ ಎಂಟು ಅಂಕೆಗಳ ಸಂಖ್ಯೆಗಳನ್ನು ಬಾಯಿಲೆಕ್ಕದಲ್ಲಿ ಭಾಗಿಸುತ್ತಿದ್ದನೆಂದು ಹೇಳುತ್ತಾರೆ. ಇತಿಹಾಸ ಗ್ರಂಥಗಳೆಂದರೆ ಅವನಿಗೆ ಎಣೆಯಿಲ್ಲದ ಪ್ರೀತಿ. ಒಮ್ಮೆ ಓದಿದುದನ್ನು ವರ್ಷಗಳ ಮೇಲೂ ಪುಟಗಟ್ಟಲೆ ಒಪ್ಪಿಸಬಲ್ಲ ಜ್ಞಾಪಕಶಕ್ತಿ ಅವನಿಗಿದ್ದಿತು. ಪ್ರೌಢಶಾಲೆಯಲ್ಲಿ ರಾಟ್ಸ್ ಎಂಬ ಉಪಾಧ್ಯಾಯನು ಹುಡುಗನ ಪ್ರತಿಭೆಯನ್ನು ಮೊದಲು ಗುರುತಿಸಿದನು. ವಿಶ್ವವಿದ್ಯಾನಿಲಯದ ಗಣಿತಜ್ಞರಿಂದ ಅವನಿಗೆ ಪ್ರತ್ಯೇಕ ಪಾಠ ದೊರೆಯುವಂತೆ ಏರ್ಪಾಡಾಯಿತು.

ಎಲ್ಲ ತಂದೆಯರಂತೆ ಆ ತಂದೆಗೂ ಒಂದು ಚಿಂತೆಯಿದ್ದಿತು: ಗಣಿತವನ್ನು ಓದಿದರೆ ಹೊಟ್ಟೆ ತುಂಬುವುದೆ? ಕೊನೆಗೆ ಒಂದು ರಾಜಿಯಾಯಿತು. ಮಗನು ಬರ್ಲಿನ್ನಿನಲ್ಲಿಯೂ ಅನಂತರ ಜೂರಿಚ್ಚಿನಲ್ಲಿಯೂ ರಸಾಯನ ಎಂಜಿನಿಯರಿಂಗ್ ಓದಬೇಕು. ಅದರ ಜೊತೆಗೆ ಬುಡಾಪೆಸ್ಟಿನಲ್ಲಿ ಗಣಿತದ ಡಾಕ್ಟರೇಟ್ ಪದವಿಗೂ ಹೆಸರು ನೋಂದಾಯಿಸಬಹುದು. ನ್ಯೂಮನ್ನನು 1926ರಲ್ಲಿ ಎರಡನ್ನೂ ಮುಗಿಸಿದನು. ಆಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ಅಲ್ಲಿಂದ ಮುಂದೆ ಅವನ ಏಳಿಗೆ ಅತಿ ಶೀಘ್ರವಾಯಿತು. ಗಟ್ಟಿಂಗೆನ್ನಿನಲ್ಲಿ ಮಹಾಗಣಿತಜ್ಞ ಹಿಲ್ಬರ್ಟನ ಸಹವಾಸ ದೊರೆಯಿತು. ಗಣಸಿದ್ಧಾಂತದ ತಳಹದಿ, ಕ್ವಾಂಟಮ್ ಭೌತಶಾಸ್ತ್ರಕ್ಕೆ ಬೇಕಾದ ಗಣಿತ, ಎದುರಾಳಿಗಳಿಬ್ಬರು ಆಡುವ ಆಟದಲ್ಲಿ ಜಾಣನ ನಡೆ ಯಾವುದೆಂಬ ವಿಚಾರ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಕ್ಷೇತ್ರಗಳಲ್ಲಿ ಅವನ ಲೇಖನಗಳು ಹೊರಬಿದ್ದವು. ಕ್ವಾಂಟಮ್ ಸಿದ್ಧಾಂತವನ್ನು ಕುರಿತ ಅವನ ಗ್ರಂಥ 1932ರಲ್ಲಿ ಪ್ರಕಟವಾಯಿತು. ಆಟಗಳ ವಿಚಾರವು ಬೆಳೆದು, ಮಾರ್ಗನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ಸೇರಿ ಬರೆದ ದೊಡ್ಡ ಗ್ರಂಥವಾಗಿ 1944ರಲ್ಲಿ ಹೊರಬಂದಿತು. ನಮ್ಮ ಅರ್ಥಶಾಸ್ತ್ರ ವಿಭಾಗದ ಮಿತ್ರರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ.

ಈತನು 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋದನು. 1933ರಲ್ಲಿ ಅಲ್ಲಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಐನ್‌ಸ್ಟೈನನ ಜೊತೆಗಾರನಾಗಿ ಪ್ರಾಧ್ಯಾಪಕನಾದನು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು, ಯೆಹೂದಿ ವಿದ್ವಾಂಸರು ವಿಶ್ವವಿದ್ಯಾನಿಲಯಗಳಿಂದ ಹೊರದೂಡಲ್ಪಟ್ಟರು. ನ್ಯೂಮನ್ನನು ಬೆಳೆದ ಯೂರೋಪು ಅವನ ಕಣ್ಣೆದುರಿನಲ್ಲಿಯೇ ಒಡೆದುಹೋಯಿತು. 1937ರಲ್ಲಿ ಅವನು ಅಮೆರಿಕದ ಪ್ರಜೆಯಾದನು. ಮೊದಲ ವಿವಾಹದಿಂದ ಮರೀನಾ ಎಂಬ ಮಗಳು ಹುಟ್ಟಿದಳು. ಆ ವಿವಾಹ ಮುರಿದ ಮೇಲೆ 1938ರಲ್ಲಿ ಕ್ಲಾರಾ ಎಂಬಾಕೆಯನ್ನು ವರಿಸಿದನು.

ಗಣಿತಜ್ಞನೆಂದೊಡನೆ ಕೆದರಿದ ತಲೆಯ ಮೌನಿಯೊಬ್ಬನನ್ನು ಕಲ್ಪಿಸಿಕೊಳ್ಳಬೇಡಿ. ಈತನು ಯಾವಾಗಲೂ ಅಚ್ಚುಕಟ್ಟಾದ ಸೂಟು ಧರಿಸುತ್ತಿದ್ದನು. ಔತಣಕೂಟ, ಹಾಸ್ಯ, ಸದ್ದುಗದ್ದಲ ಎಲ್ಲವೂ ಇವನಿಗೆ ಇಷ್ಟ. ಕಾರನ್ನು ಬಿರುಸಾಗಿ ಓಡಿಸಿ ಆಗಾಗ ಅಪಘಾತಕ್ಕೆ ಸಿಕ್ಕುತ್ತಿದ್ದನು.

ಎರಡನೆಯ ಮಹಾಯುದ್ಧದಲ್ಲಿ ನ್ಯೂಮನ್ನನು ತನ್ನ ಬುದ್ಧಿಯನ್ನು ಸೈನ್ಯಕ್ಕೆ ಒಪ್ಪಿಸಿದನು. 1943ರಿಂದ ಲಾಸ್ ಅಲಾಮೋಸಿನ ಅಣುಬಾಂಬಿನ ಕೆಲಸಕ್ಕೆ ಸಲಹೆಗಾರನಾದನು. ಪ್ಲುಟೋನಿಯಂ ಗುಂಡನ್ನು ಎಲ್ಲ ಕಡೆಯಿಂದಲೂ ಏಕಕಾಲದಲ್ಲಿ ಒಳಕ್ಕೆ ಅಮುಕುವ ಸ್ಫೋಟದ ಲೆಕ್ಕಾಚಾರದಲ್ಲಿ ಅವನ ಪಾಲು ಬಹಳ. ನಾಗಸಾಕಿಯ ಮೇಲೆ ಬಿದ್ದುದು ಆ ಬಗೆಯ ಬಾಂಬು. ಬಾಂಬನ್ನು ಯಾವ ನಗರದ ಮೇಲೆ ಹಾಕಬೇಕೆಂದು ಆಲೋಚಿಸಿದ ಸಮಿತಿಯಲ್ಲಿಯೂ ಅವನಿದ್ದನು. ಅವನ ಜೀವನವನ್ನು ಬರೆಯುವವರು ಇದನ್ನು ಮರೆಮಾಚುವಂತಿಲ್ಲ.

ಆ ಲೆಕ್ಕಗಳು ಮನುಷ್ಯರ ಕೈಗೆ ಮೀರಿದವು. ವೇಗವಾಗಿ ಲೆಕ್ಕಮಾಡುವ ಯಂತ್ರವೊಂದಕ್ಕಾಗಿ ಅವನು ಹುಡುಕುತ್ತಿದ್ದನು. 1944ರ ಬೇಸಗೆಯಲ್ಲಿ ಅಬರ್ಡೀನ್ ಎಂಬ ಊರಿನ ರೈಲ್ವೆ ಪ್ಲಾಟ್‌ಫಾರಂ ಮೇಲೆ ಗೋಲ್ಡ್‌ಸ್ಟೈನ್ ಎಂಬ ಸೈನ್ಯಾಧಿಕಾರಿಯು ಅಕಸ್ಮಾತ್ತಾಗಿ ಇವನನ್ನು ಕಂಡು ಮಾತಿಗೆ ತೊಡಗಿದನು. ಫಿಲಡೆಲ್ಫಿಯಾದಲ್ಲಿ ಸೆಕೆಂಡಿಗೆ 5,000 ಕೂಡುವ ಲೆಕ್ಕ ಮಾಡಬಲ್ಲ ವಿದ್ಯುತ್ ಯಂತ್ರವೊಂದು ಸಿದ್ಧವಾಗುತ್ತಿದೆಯೆಂಬ ಸಂಗತಿ ಹೀಗೆ ಅವನ ಕಿವಿಗೆ ಬಿದ್ದಿತು. ಅದೇ ಎನಿಯಾಕ್ ಯಂತ್ರ. ಎಕರ್ಟ್ ಮತ್ತು ಮಾಚ್ಲಿ ಎಂಬಿಬ್ಬರು ಅದರ ನಿರ್ಮಾಪಕರು. ಸುಮಾರು 18,000 ವಾಲ್ವುಗಳು, 30 ಟನ್ ತೂಕ.

ಇಷ್ಟು ದೊಡ್ಡ ಯಂತ್ರಕ್ಕೆ ಒಂದು ದೊಡ್ಡ ಕೊರತೆಯೂ ಇದ್ದಿತು. ಒಂದು ಲೆಕ್ಕ ಮುಗಿದು ಬೇರೊಂದು ಬಗೆಯ ಲೆಕ್ಕಕ್ಕೆ ತೊಡಗಬೇಕಾದರೆ, ತಂತಿಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಬೇಕು, ನೂರಾರು ಗುಂಡಿಗಳನ್ನು ತಿರುಗಿಸಬೇಕು. ಲೆಕ್ಕಕ್ಕೆ ಕೆಲವು ನಿಮಿಷ ಸಾಕು. ಈ ಸಿದ್ಧತೆಗೆ ದಿನಗಟ್ಟಲೆ ಬೇಕು. ಇದನ್ನು ಕುರಿತು ಆ ಗುಂಪಿನಲ್ಲಿ ಚರ್ಚೆ ನಡೆದು, ಮುಂದಿನ ಯಂತ್ರದ ರೂಪವನ್ನು ನ್ಯೂಮನ್ನನು 1945ರ ಜೂನ್ ತಿಂಗಳಲ್ಲಿ ಒಂದು ಕರಡು ವರದಿಯಾಗಿ ಬರೆದನು. ಸುಮಾರು ನೂರು ಪುಟಗಳ ಆ ವರದಿಯು ಗಣಕಯಂತ್ರಶಾಸ್ತ್ರದ ಮೂಲಗ್ರಂಥವೆನಿಸಿತು.

ಅದರ ತಿರುಳು ಸರಳವಾದುದು. ಯಂತ್ರವು ಯಾವ ಕೆಲಸವನ್ನು ಮಾಡಬೇಕೆಂಬ ಆಜ್ಞೆಯನ್ನು ತಂತಿಗಳ ಜೋಡಣೆಯಲ್ಲಿ ಇಡಬೇಕಾಗಿಲ್ಲ. ಆಜ್ಞೆಗಳನ್ನೂ ಅಂಕೆಗಳನ್ನಾಗಿ ಮಾಡಿ, ಲೆಕ್ಕದ ಅಂಕೆಗಳಿರುವ ಅದೇ ಸ್ಮರಣಕೋಶದಲ್ಲಿ ಇಡಬಹುದು. ಯಂತ್ರವು ಅವನ್ನು ಒಂದೊಂದಾಗಿ ಓದಿ ಪಾಲಿಸುತ್ತ ಹೋಗುತ್ತದೆ. ಆಗ ಒಂದೇ ಯಂತ್ರ ಬೆಳಗ್ಗೆ ಹವಾಮಾನದ ಲೆಕ್ಕ ಮಾಡಬಹುದು, ಮಧ್ಯಾಹ್ನ ಸಂಬಳದ ಪಟ್ಟಿ ಬರೆಯಬಹುದು. ತಂತಿ ಕೀಳಬೇಕಾಗಿಲ್ಲ, ಸ್ಮರಣಕೋಶದಲ್ಲಿನ ಅಂಕೆಗಳನ್ನು ಬದಲಾಯಿಸಿದರಾಯಿತು. ಇಂದು ನಾವು ಪ್ರೋಗ್ರಾಮ್ ಎನ್ನುವುದು ಇದನ್ನೇ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ವಾಚಕರು ಗಮನಿಸಬೇಕು. 1945ರ ವರದಿಯಲ್ಲಿ ಪ್ರತಿಯೊಂದು ಅಂಕೆಸಾಲಿನ ಮೇಲೂ ಒಂದು ಗುರುತು ಇದ್ದಿತು: ಇದು ಲೆಕ್ಕದ ಸಂಖ್ಯೆ, ಇದು ಆಜ್ಞೆ. ಲೆಕ್ಕದ ಫಲವನ್ನು ಆಜ್ಞೆಯ ಮೇಲೆ ಬರೆಯಹೋದರೆ ಅದರ ಒಂದು ಭಾಗ ಮಾತ್ರ ಬದಲಾಗುವಂತೆ ಕಟ್ಟಳೆಯಿದ್ದಿತು. ಮರುವರ್ಷ ಗೋಲ್ಡ್‌ಸ್ಟೈನ್ ಮತ್ತು ಬರ್ಕ್ಸ್ ಎಂಬವರೊಡನೆ ಸೇರಿ ಪ್ರಿನ್ಸ್‌ಟನ್ನಿನ ಯಂತ್ರಕ್ಕಾಗಿ ಬರೆದ ವರದಿಯಲ್ಲಿ ಆ ಗುರುತು ಹೋಯಿತು. ಸಂಖ್ಯೆಯೂ ಆಜ್ಞೆಯೂ ನೋಡಲು ಒಂದೇ ಆದವು. ಇದರಿಂದ ಯಂತ್ರ ಸರಳವಾಯಿತು, ಶಕ್ತಿಯುತವೂ ಆಯಿತು. ಗುರುತನ್ನು ಮೊದಲು ಇಟ್ಟುದು ಕಳ್ಳರ ಭಯದಿಂದಲ್ಲ. ತೆಗೆದಾಗಲೂ ಕಳ್ಳರ ಯೋಚನೆ ಯಾರಿಗೂ ಇರಲಿಲ್ಲ. ಬೀಗ ಹಾಕಿದ ಕೋಣೆಯಲ್ಲಿರುವ ಯಂತ್ರ, ಅದರ ಬಳಿ ಸುಳಿಯುವವರು ಹತ್ತಾರು ಮಂದಿ ವಿದ್ವಾಂಸರು. ಅಲ್ಲಿಗೆ ಕಳ್ಳನೆಲ್ಲಿಂದ ಬರಬೇಕು?

1945ರ ವರದಿಯಿಂದ ಒಂದು ಮನಸ್ತಾಪವೂ ಹುಟ್ಟಿತು. ಹಲವರು ಕೂಡಿ ಚರ್ಚಿಸಿದ ವಿಚಾರಗಳಿದ್ದ ಆ ಕರಡಿನ ಮೇಲೆ ನ್ಯೂಮನ್ನನ ಹೆಸರೊಂದೇ ಇದ್ದಿತು. ಗೋಲ್ಡ್‌ಸ್ಟೈನನು ಅದರ ಪ್ರತಿಗಳನ್ನು ಹಲವರಿಗೆ ಹಂಚಿಬಿಟ್ಟನು. ತಮಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲವೆಂದು ಎಕರ್ಟ್ ಮತ್ತು ಮಾಚ್ಲಿ ಕೊನೆಯವರೆಗೂ ನೊಂದುಕೊಂಡರು. ಅವರ ನೋವಿನಲ್ಲಿ ನ್ಯಾಯವಿದ್ದಿತು. ನ್ಯೂಮನ್ನನೊಬ್ಬನೇ ಗಣಕಯಂತ್ರದ ಜನಕನೆಂದು ಹೇಳುವುದು ಸರಿಯಲ್ಲ. ಆದರೆ ಚದುರಿದ್ದ ವಿಚಾರಗಳನ್ನು ಯಾರಾದರೂ ಓದಿ ಯಂತ್ರವನ್ನು ಕಟ್ಟಬಹುದಾದಷ್ಟು ಸ್ಪಷ್ಟವಾಗಿ ಬರೆದವನು ಅವನೇ.

ಪ್ರಿನ್ಸ್‌ಟನ್ನಿನ ಯಂತ್ರ 1952ರ ಜೂನ್ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಅದರ ಸ್ಮರಣಕೋಶದಲ್ಲಿ 1,024 ಅಂಕೆಸಾಲುಗಳಿಗೆ ಮಾತ್ರ ಸ್ಥಳವಿದ್ದಿತು. ನ್ಯೂಮನ್ನನು ಅದರ ವಿವರಗಳನ್ನು ಗುಟ್ಟಾಗಿಡದೆ ಕೇಳಿದವರಿಗೆಲ್ಲ ಕಳುಹಿಸಿದನು. ಇಲಿನಾಯ್, ಲಾಸ್ ಅಲಾಮೋಸ್, ಸ್ವೀಡನ್, ಆಸ್ಟ್ರೇಲಿಯಾ ಮೊದಲಾದೆಡೆಗಳಲ್ಲಿ ಅದರ ತಮ್ಮಂದಿರು ಹುಟ್ಟಿದರು. ಹೆಂಡತಿ ಕ್ಲಾರಾ ಕೂಡ ಈ ವಿದ್ಯೆಯಲ್ಲಿ ಪಳಗಿ, 1948ರಲ್ಲಿ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಮುಗಳನ್ನು ಬರೆದಳು.

ಇದೇ ಕಾಲದಲ್ಲಿ ನ್ಯೂಮನ್ನನ ಮನಸ್ಸನ್ನು ಇನ್ನೊಂದು ಪ್ರಶ್ನೆ ಹಿಡಿದುಕೊಂಡಿತು. ಯಂತ್ರವೊಂದು ತನ್ನಂಥ ಇನ್ನೊಂದು ಯಂತ್ರವನ್ನು ತಾನೇ ಹಡೆಯಬಲ್ಲುದೆ? 1948ರಲ್ಲಿ ಪ್ಯಾಸಡೀನದ ಒಂದು ವಿದ್ವತ್ಸಭೆಯಲ್ಲಿಯೂ 1949ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿಯೂ ಈ ವಿಷಯವಾಗಿ ಉಪನ್ಯಾಸ ಮಾಡಿದನು. ಸಾಧ್ಯ ಎಂಬುದೇ ಅವನ ಉತ್ತರ. ಯಂತ್ರದ ಬಳಿ ತನ್ನ ರಚನೆಯ ವಿವರವನ್ನು ಬರೆದ ಒಂದು ಪಟ್ಟಿಯಿರಬೇಕು. ಆ ಪಟ್ಟಿಯನ್ನು ಯಂತ್ರ ಎರಡು ಸಲ ಬಳಸುತ್ತದೆ: ಮೊದಲು ಅದನ್ನು ಆಜ್ಞೆಯೆಂದು ಓದಿ ಹೊಸ ಯಂತ್ರವನ್ನು ಕಟ್ಟುತ್ತದೆ, ಅನಂತರ ಅರ್ಥದ ಗೊಡವೆಗೆ ಹೋಗದೆ ಅದೇ ಪಟ್ಟಿಯನ್ನು ನಕಲುಮಾಡಿ ಮಗುವಿನ ಕೈಗೆ ಕೊಡುತ್ತದೆ. ಜೀವಕೋಶದಲ್ಲಿ ಡಿ.ಎನ್.ಎ. ಕೂಡ ಹೀಗೆಯೇ ಎರಡು ಬಗೆಯ ಕೆಲಸ ಮಾಡುತ್ತದೆಂಬುದು ಅನಂತರದ ವರ್ಷಗಳಲ್ಲಿ ಗೊತ್ತಾಯಿತು. ನ್ಯೂಮನ್ನನು ಈ ವಿಚಾರವನ್ನು ಚದುರಂಗದ ಮನೆಗಳಂಥ ಜಾಲದ ಮೇಲೆ ಗಣಿತದಿಂದ ಸಾಧಿಸಹೊರಟನು. ಅವನು ಅರ್ಧಕ್ಕೆ ಬಿಟ್ಟುಹೋದ ಗ್ರಂಥವನ್ನು ಬರ್ಕ್ಸನು ಪೂರ್ಣಗೊಳಿಸಿ 1966ರಲ್ಲಿ ಪ್ರಕಟಿಸಿದನು.

ದೇವೀಮಹಾತ್ಮೆಯ ರಕ್ತಬೀಜಾಸುರನನ್ನು ನಾವೆಲ್ಲ ಬಲ್ಲೆವು. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಅವನಂಥ ಇನ್ನೊಬ್ಬನು ಏಳುತ್ತಿದ್ದನು. ನ್ಯೂಮನ್ನನಿಗೆ ಬೇಕಾಗಿದ್ದುದು ರಾಕ್ಷಸನಲ್ಲ, ಜೀವದ ಗುಟ್ಟು. ಆದರೆ ಗುಟ್ಟು ಒಂದೇ ಆದಮೇಲೆ ಅದನ್ನು ಬಳಸುವವರು ಬಗೆಬಗೆಯಾಗಿರಬಹುದಷ್ಟೆ.

1955ರಲ್ಲಿ ಅವನು ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯನಾದನು. ಅದೇ ವರ್ಷ ಅವನಿಗೆ ಕ್ಯಾನ್ಸರ್ ರೋಗವಿರುವುದು ತಿಳಿಯಿತು. ಕೆಲವೇ ತಿಂಗಳುಗಳಲ್ಲಿ ಗಾಲಿಕುರ್ಚಿಯನ್ನು ಹಿಡಿದನು; 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರನಿಂದ ಸ್ವಾತಂತ್ರ್ಯ ಪದಕವನ್ನು ಸ್ವೀಕರಿಸಿದುದೂ ಗಾಲಿಕುರ್ಚಿಯಲ್ಲಿ ಕುಳಿತೇ. ಗಣಕಯಂತ್ರವನ್ನೂ ಮಾನವನ ಮೆದುಳನ್ನೂ ಹೋಲಿಸಿ ಬರೆಯುತ್ತಿದ್ದ ಉಪನ್ಯಾಸಗಳು ಮುಗಿಯಲಿಲ್ಲ. ರೋಗವು ದೇಹವನ್ನು ಮಾತ್ರವಲ್ಲ, ಬುದ್ಧಿಯನ್ನೂ ತಿನ್ನತೊಡಗಿತು. ಕೊನೆಯ ದಿನಗಳಲ್ಲಿ ಅವನು ಮಗಳಿಂದ ಚಿಕ್ಕಮಕ್ಕಳ ಕೂಡುವ ಲೆಕ್ಕಗಳನ್ನು ಕೇಳಿಸಿಕೊಂಡು, ತನಗೆ ಇನ್ನೂ ಲೆಕ್ಕ ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದನೆಂದು ಆಕೆ ಮುಂದೆ ನೆನೆದಿದ್ದಾಳೆ. ಎಂಟು ಅಂಕೆಗಳನ್ನು ಬಾಯಲ್ಲಿ ಭಾಗಿಸುತ್ತಿದ್ದ ಹುಡುಗನ ಅಂತ್ಯ ಹೀಗಾಯಿತು. 1957ರ ಫೆಬ್ರವರಿ 8ರಂದು ವಾಷಿಂಗ್ಟನ್ನಿನ ಸೈನಿಕ ಆಸ್ಪತ್ರೆಯಲ್ಲಿ, ತನ್ನ 53ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಅವನು ಬಿಟ್ಟುಹೋದ ಎರಡು ವಿಚಾರಗಳು, ಎಂದರೆ ಸಂಖ್ಯೆಗೂ ಆಜ್ಞೆಗೂ ಭೇದವಿಲ್ಲದ ಸ್ಮರಣಕೋಶ ಮತ್ತು ತನ್ನನ್ನು ತಾನೇ ನಕಲುಮಾಡಿಕೊಳ್ಳುವ ಯಂತ್ರ, ಮೂವತ್ತು ವರ್ಷಗಳ ಮೇಲೆ ಒಂದೆಡೆ ಸೇರಿದವು. ಅಷ್ಟರಲ್ಲಿ ಬೀಗ ಹಾಕಿದ ಕೋಣೆಯಿಂದ ಯಂತ್ರಗಳು ಹೊರಬಂದು, ತಂತಿಗಳ ಮೂಲಕ ಒಂದಕ್ಕೊಂದು ಮಾತಾಡತೊಡಗಿದ್ದವು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು ತನ್ನನ್ನು ತಾನೇ ನಕಲುಮಾಡಿಕೊಂಡು ಹರಡುವ ಪ್ರೋಗ್ರಾಮೊಂದನ್ನು ಅಂತರಜಾಲಕ್ಕೆ ಬಿಟ್ಟನು. ಅದು ಯಂತ್ರಗಳೊಳಕ್ಕೆ ನುಗ್ಗಿದ ದಾರಿಗಳಲ್ಲಿ ಎರಡನ್ನು ಹೇಳಬೇಕು. ಒಂದು ಪ್ರೋಗ್ರಾಮಿಗೆ ಅದು ನಿರೀಕ್ಷಿಸಿದುದಕ್ಕಿಂತ ಉದ್ದನೆಯ ಅಕ್ಷರಸಾಲನ್ನು ಕಳುಹಿಸಿದಾಗ, ಹೆಚ್ಚಾದ ಅಕ್ಷರಗಳು ಸ್ಮರಣಕೋಶದಲ್ಲಿ ತುಳುಕಿ ಚೆಲ್ಲಿ, ಆಜ್ಞೆಗಳಾಗಿ ನಡೆದವು. ಗುರುತಿಲ್ಲದ ಸ್ಮರಣಕೋಶದಲ್ಲಿ ಸಂಖ್ಯೆಯು ಆಜ್ಞೆಯ ವೇಷ ಹಾಕಿತು. ಎರಡನೆಯದು, ಅಂಚೆ ರವಾನಿಸುವ ಪ್ರೋಗ್ರಾಮಿನಲ್ಲಿ ಪರೀಕ್ಷೆಗಾಗಿ ಇಟ್ಟು ಮುಚ್ಚದೆ ಬಿಟ್ಟಿದ್ದ ಹಿತ್ತಿಲ ಬಾಗಿಲು. ಸುಮಾರು 6,000 ಯಂತ್ರಗಳಿಗೆ ಸೋಂಕು ತಗಲಿತೆಂದು ಅಂದಾಜು. ಹಾಳುಮಾಡುವ ಆಜ್ಞೆ ಅದರಲ್ಲಿ ಇರಲಿಲ್ಲ. ನಕಲುಗಳು ಮಿತಿಮೀರಿದ್ದರಿಂದಲೇ ಯಂತ್ರಗಳು ಉಸಿರುಕಟ್ಟಿ ನಿಂತವು. ನ್ಯಾಯಾಲಯವು ಆ ವಿದ್ಯಾರ್ಥಿಗೆ ಶಿಕ್ಷೆ ವಿಧಿಸಿತು.

ಮುಂದೆ ಬಂದವರು ಬೇಕೆಂದೇ ಆ ಉಸಿರುಕಟ್ಟಿಸುವ ವಿದ್ಯೆಯನ್ನು ಕಲಿತರು. ರೈಲ್ವೆ ಟಿಕೆಟ್ ಕಿಟಕಿಯ ಮುಂದೆ ಪ್ರಯಾಣ ಮಾಡಬೇಕಾಗಿಲ್ಲದ ಹತ್ತು ಸಾವಿರ ಮಂದಿ ಬಂದು ಸಾಲು ನಿಂತರೆ, ನಿಜವಾದ ಪ್ರಯಾಣಿಕನಿಗೆ ಟಿಕೆಟ್ ಸಿಕ್ಕುವುದೆ? ಕಿಟಕಿಯನ್ನು ಯಾರೂ ಒಡೆದಿಲ್ಲ. ಗುಮಾಸ್ತನನ್ನು ಯಾರೂ ಹೊಡೆದಿಲ್ಲ. ಆದರೂ ಕೆಲಸ ನಿಂತಿತು. ಸೇವೆಯನ್ನು ತಡೆಯುವ ದಾಳಿ ಎಂಬುದು ಇದೇ. ಹತ್ತು ಸಾವಿರ ಮಂದಿಯನ್ನು ಒಟ್ಟುಗೂಡಿಸಲು ಕಳ್ಳನು ಪರರ ಯಂತ್ರಗಳನ್ನು ಹಿಡಿಯುತ್ತಾನೆ. ಹೇಗೋ ಒಳಹೊಕ್ಕು ಒಂದು ಹಿತ್ತಿಲ ಬಾಗಿಲನ್ನು ತೆರೆದಿಡುತ್ತಾನೆ. ಅದರ ಹಿಂದೆ ಒಂದು ಪುಟ್ಟ ಪ್ರೋಗ್ರಾಮ್ ಕುಳಿತು ಒಡೆಯನ ಅಪ್ಪಣೆಗಾಗಿ ಕಾಯುತ್ತದೆ. ಅಪ್ಪಣೆ ಬಂದೊಡನೆ ಎಲ್ಲ ಯಂತ್ರಗಳೂ ಒಂದೇ ಗುರಿಯ ಮೇಲೆ ಬೀಳುತ್ತವೆ. 1999ರ ಆಗಸ್ಟ್ ತಿಂಗಳಲ್ಲಿ ಕನಿಷ್ಠ 227 ಯಂತ್ರಗಳು ಹೀಗೆ ಮಿನೆಸೋಟ ವಿಶ್ವವಿದ್ಯಾನಿಲಯದ ಒಂದು ಯಂತ್ರದ ಮೇಲೆ ಬಿದ್ದು, ಎರಡು ದಿನಕ್ಕೂ ಮೇಲ್ಪಟ್ಟು ಅದನ್ನು ನಿಲ್ಲಿಸಿದವು.

2016ರಲ್ಲಿ ಮಿರಾಯ್ ಎಂಬ ಪ್ರೋಗ್ರಾಮ್ ಹಿಡಿದುದು ಮನೆ ಅಂಗಡಿಗಳ ಕಾವಲು ಕ್ಯಾಮರಾಗಳನ್ನೂ ಅಂಥ ಸಣ್ಣ ಸಾಧನಗಳನ್ನೂ. ಅದು ಯಾವ ಗಣಿತ ಚಾತುರ್ಯವನ್ನೂ ತೋರಲಿಲ್ಲ. ಕಾರ್ಖಾನೆಯವರು ಇಟ್ಟು, ಕೊಂಡವರು ಬದಲಾಯಿಸದೆ ಬಿಟ್ಟ ಗುಪ್ತಪದಗಳನ್ನು ಒಂದೊಂದಾಗಿ ಹೇಳಿ ನೋಡಿತು, ಅಷ್ಟೆ. ಬಾಗಿಲು ತೆರೆಯಿತು. ಒಂದು ಹಂತದಲ್ಲಿ ಸುಮಾರು 6,00,000 ಸಾಧನಗಳು ಅದರ ವಶದಲ್ಲಿದ್ದವು. ಅದರ ಪಾಠವನ್ನು ಕರ್ತೃಗಳು ಬಹಿರಂಗಪಡಿಸಿದ ಮೇಲೆ, ಅಕ್ಟೋಬರ್ 21ರಂದು ಅಂಥ ಸಾಧನಗಳಿಂದ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದು, ಅಂತರಜಾಲದ ಹೆಸರಾಂತ ತಾಣಗಳು ಗಂಟೆಗಟ್ಟಲೆ ಜನರಿಗೆ ಎಟುಕದಾದವು. 2017ರಲ್ಲಿ ತಪ್ಪೊಪ್ಪಿಕೊಂಡ ಅದರ ಕರ್ತೃಗಳು ಮೂವರು ತರುಣರು. ಅವರಲ್ಲೊಬ್ಬನು ತಾನು ಓದುತ್ತಿದ್ದ ವಿಶ್ವವಿದ್ಯಾನಿಲಯದ ಮೇಲೆಯೇ ಇಂಥ ದಾಳಿಗಳನ್ನು ನಡೆಸಿದ್ದವನು. ವಿದ್ಯಾರ್ಥಿಗಳಾದ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ತಪ್ಪು ನ್ಯೂಮನ್ನನದೆ? ಆಜ್ಞೆಯ ಗುರುತನ್ನು ತೆಗೆಯದೆ ಇದ್ದಿದ್ದರೆ ಎಂದು ಕೇಳಬಹುದು. ಸುಮಾರು 2003ರಿಂದೀಚೆಗೆ ಸಾಮಾನ್ಯ ಬಳಕೆಯ ಗಣಕಯಂತ್ರಗಳಿಗೆ ಅದೇ ಬಗೆಯ ಗುರುತೊಂದು ಮರಳಿ ಬಂದಿದೆ: ಸ್ಮರಣಕೋಶದ ಈ ಭಾಗದಲ್ಲಿರುವುದು ಬರಿಯ ಅಂಕಿ-ಅಂಶ, ಇದನ್ನು ಆಜ್ಞೆಯೆಂದು ಪಾಲಿಸಬೇಡ ಎಂದು ಹೇಳುವ ಗುರುತು. ಸುಮಾರು ಅರುವತ್ತು ವರ್ಷಗಳ ಅನುಭವವು ಮೊದಲ ಕರಡಿನಲ್ಲಿದ್ದ ಒಂದು ಕಟ್ಟಳೆಯ ಬೆಲೆಯನ್ನು ಕಲಿಸಿತು. ಆದರೆ ಮಿರಾಯ್‌ಗೆ ಈ ಗುರುತು ಅಡ್ಡಿಯಾಗಲಾರದು. ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟುಹೋದ ಮನೆಗೆ ಗೋಡೆ ಎಷ್ಟು ದಪ್ಪವಿದ್ದರೇನು?

ಸಾಯುವುದಕ್ಕೆ ಎರಡು ವರ್ಷ ಮುಂಚೆ, 1955ರಲ್ಲಿ, ನ್ಯೂಮನ್ನನು ಒಂದು ಪತ್ರಿಕಾ ಲೇಖನದಲ್ಲಿ ಈ ಬಗೆಯ ಪ್ರಶ್ನೆಯನ್ನೇ ಎತ್ತಿದ್ದನು. ವಿಜ್ಞಾನದ ಉಪಕಾರವನ್ನು ಒಂದು ಬುಟ್ಟಿಯಲ್ಲಿಯೂ ಅಪಕಾರವನ್ನು ಇನ್ನೊಂದು ಬುಟ್ಟಿಯಲ್ಲಿಯೂ ಬೇರ್ಪಡಿಸಿಡಲು ಬಾರದು. ಅವು ಹೆಣೆದುಕೊಂಡೇ ಬರುತ್ತವೆ. ಒಂದು ವಿದ್ಯೆಯನ್ನು ನಿಷೇಧಿಸಿ ಕ್ಷೇಮವಾಗಿರುತ್ತೇವೆಂಬುದು ಭ್ರಮೆ. ದಿನದಿನವೂ ತಾಳ್ಮೆಯಿಂದ ವಿವೇಚಿಸಿ ನಡೆಯುವುದಲ್ಲದೆ ಬೇರೆ ದಾರಿಯಿಲ್ಲ ಎಂಬುದು ಅವನ ಅಭಿಪ್ರಾಯದ ಸಾರ. ಬಾಂಬಿನ ಕೆಲಸದಲ್ಲಿ ಕೈಯಿಟ್ಟಿದ್ದವನ ಮಾತಾದ್ದರಿಂದ ಇದನ್ನು ಪ್ರಶ್ನಿಸುವ ಹಕ್ಕು ನಮಗುಂಟು. ಆದರೂ ಗಣಕಯಂತ್ರದ ವಿಷಯದಲ್ಲಿ ಅದು ದಿಟವಾಗಿದೆ. ಯಾವ ಗುಣದಿಂದ ಒಂದೇ ಯಂತ್ರ ಸಾವಿರ ಬಗೆಯ ಕೆಲಸ ಮಾಡುತ್ತದೆಯೋ ಅದೇ ಗುಣದಿಂದ ಕಳ್ಳನ ಕೆಲಸವನ್ನೂ ಮಾಡುತ್ತದೆ. ಹೇಳಿದುದನ್ನು ಮಾಡುವುದು ಅದರ ಧರ್ಮ. ಹೇಳುತ್ತಿರುವವನು ಯಾರೆಂದು ಕೇಳುವುದನ್ನು ಮನುಷ್ಯನೇ ಅದಕ್ಕೆ ಕಲಿಸಬೇಕು, ಕಲಿಸಿದುದನ್ನು ಮನುಷ್ಯನೇ ಕಾಯಬೇಕು.

ನ್ಯೂಮನ್ನನು ಯಂತ್ರಕ್ಕೆ ವಿಧೇಯತೆಯನ್ನು ಕೊಟ್ಟುಹೋದನು. ವಿವೇಕವನ್ನು ನಮಗೆ ಬಿಟ್ಟುಹೋದನು. ಅವನ ಹೆಸರನ್ನು ನಾವು ಮರೆತರೂ ಈ ಎರಡನೆಯದನ್ನು ಮರೆಯಬಾರದು.